ಪಂಪಾವತಿಯನ್ನು ಎಬ್ಬಿಸಿದವರಿಗೆ

ಬಳ್ಳಾರಿ
ಬೇಸಿಗೆ ತಿಂಗಳ ಐವತ್ತೆರಡನೇ ದಿನ, ೨೨೪೭

ಹಳೆಯ ಮಹಿಳಾ ಹಾಸ್ಟೆಲ್ಲಿನ ಪಂಪಾವತಿಯವರಿಗೆ ಮತ್ತು ಅವರ ಮೇಲೆ ನೀರು ಹಾಕಿದವರಿಗೆ, ಹುಲಿಗೆಮ್ಮನ ನಮಸ್ಕಾರಗಳು.

ದಿನಾಂಕ ನೋಡಿ ನಗಬೇಡಿ. ಬಿಸಿಲು ಇಳಿಯುವವರೆಗೂ ತಿಂಗಳು ಮುಗಿಯಬಾರದೆಂದು ನಮ್ಮ ಕಾಲದ ಪಂಚಾಂಗದವರು ತೀರ್ಮಾನಿಸಿದ್ದಾರೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಕಲ್ಲುಗಳ ವಯಸ್ಸು ಕಂಡುಹಿಡಿಯುವ ವಿದ್ಯೆ ಕಲಿಯಲು ಬಂದವಳು ನಾನು. ನೀವಿದ್ದ ಕಟ್ಟಡದಲ್ಲೇ, ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿದ್ದೇನೆ.

ನಮ್ಮಲ್ಲಿ ಬೆಂಕಿಗೆ ಯಾರೂ ಸಾಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ದೂರು ಕೇಳಿ ಉಪಕಾರ ತಿಳಿಯದವಳು ಎನ್ನಬೇಡಿ. ಪ್ರತಿ ಕೋಣೆಗೂ ಒಂದು ಜಾರುಕೊಳವೆ ಇದೆ. ಒಬ್ಬರೇ ಹಿಡಿಸುವ, ಗೋಡೆಯೊಳಗಿಂದ ನೆಲಕ್ಕಿಳಿಯುವ ದಾರಿ. ಹೊಗೆ ಸುಳಿದರೆ ಗೋಡೆದನಿ, ಅಂದರೆ ಗೋಡೆಯೊಳಗಿನ ಕಾವಲು ಧ್ವನಿ, ಹೆಸರು ಹಿಡಿದು ಕರೆಯುತ್ತದೆ. ಇಳಿದು, ಬಿಸಿಲು ತಾಗದ ನಮ್ಮ ನಮ್ಮ ತಂಪುಗೂಡಿನಲ್ಲಿ ಒಬ್ಬೊಬ್ಬರೇ ನಿಲ್ಲುತ್ತೇವೆ. ಹಿಂದೊಮ್ಮೆ ಬೆಂಕಿಗಿಂತ ಮೆಟ್ಟಿಲ ಮೇಲಿನ ನೂಕುನುಗ್ಗಲಿಗೇ ಹೆಚ್ಚು ಜನ ಬಲಿಯಾದರಂತೆ. ಅಂದಿನಿಂದ ಪಾರಾಗುವ ದಾರಿಯಲ್ಲಿ ಇಬ್ಬರು ಎದುರಾಗಬಾರದೆಂದು ನಿಯಮ. ಅದು ತಪ್ಪೆಂದು ಹೇಳಲಾರೆ. ಆದರೆ ಬಿಸಿಲಿನ ಝಳಕ್ಕೆ ಬೇಸಿಗೆಯುದ್ದಕ್ಕೂ ಕೋಣೆಯ ಬಾಗಿಲಿಗೆ ಬೀಗ ಬಿದ್ದಿರುತ್ತದೆ, ಊಟವೂ ಪಾಠವೂ ಗೋಡೆಯಿಂದಲೇ ಬರುತ್ತವೆ. ಪಕ್ಕದವಳ ಕೆಮ್ಮು ಗೊತ್ತು, ಮುಖ ಗೊತ್ತಿಲ್ಲ. ಗೋಡೆದನಿಯ ಕೈಲಿ ಹೇಳಿಕಳಿಸಬಹುದಲ್ಲ ಎನ್ನುತ್ತೀರಾ? ಅದು ಎಲ್ಲರ ಮಾತನ್ನೂ ತನ್ನ ದನಿಯಲ್ಲೇ ಹೇಳುತ್ತದೆ. ಕೇಳಿ ಕೇಳಿ ನನಗೆ ಬೇಸರ ಬಂದಿದೆ.

ವಾರಕ್ಕೊಮ್ಮೆ ಬೆಂಕಿಯ ಕವಾಯತು, ಪಾರಾಗುವ ಅಭ್ಯಾಸ. ಯಾರದಾದರೂ ಕೊಳವೆ ಕೆಟ್ಟಿದ್ದರೆ ಇರಲೆಂದು ಆಗ ಮಾತ್ರ ಬಾಗಿಲುಗಳ ಬೀಗ ಸಡಿಲುತ್ತದೆ. ಒಂದು ಸಲ ನನ್ನ ಕೊಳವೆ ಕೆಟ್ಟು, ಹಳೆಯ ಮೆಟ್ಟಿಲಲ್ಲಿ ಇಳಿಯಬೇಕಾಯಿತು. ಅಲ್ಲಿ ಸುಣ್ಣ ಉದುರಿ ನಿಮ್ಮ ಕಾಲದ ನಿಯಮಗಳು ಕಾಣುತ್ತಿದ್ದವು. ಕೋಣೆಯಲ್ಲಿ ಕಾಯಿಲ್ ಹಾಕಿ ನೀರು ಕಾಯಿಸಬೇಡಿ. ಮೆಟ್ಟಿಲ ಕಂಬಿಗೆ ಬಟ್ಟೆ ಒಣಹಾಕಬೇಡಿ. ಇದನ್ನೆಲ್ಲ ಗೋಡೆಯ ಮೇಲೆ ಬರೆಸಬೇಕಾಯಿತೆಂದರೆ ನೀವೆಂಥ ಘಾಟಿಗಳಿರಬೇಕು! ಕೊನೆಯ ಸಾಲು ಹೀಗಿತ್ತು: ಹೊರಡುವ ಮುನ್ನ ಪಕ್ಕದ ಕೋಣೆಯ ಬಾಗಿಲು ತಟ್ಟಿರಿ. ಅದರ ಕೆಳಗೆ ಯಾರೋ ಮೊಳೆಯಿಂದ ಗೀಚಿದ್ದರು: "ಪಂಪಾವತಿ ತಟ್ಟಿದ್ರೆ ಏಳಂಗಿಲ್ಲ, ನೀರು ಹಾಕ್ರಿ."

ಜೋರಾಗಿ ನಕ್ಕೆ. ಆಮೇಲೆ ಅಲ್ಲೇ ಕುಳಿತು ಅತ್ತೆ. ಪಂಪಾವತಿಯವರೇ, ನಿಮ್ಮ ನಿದ್ದೆ ಎಂಥದ್ದೆಂದು ಯಾರಿಗೋ ಗೊತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು.

ಮುಂದಿನ ಕವಾಯತಿನಲ್ಲಿ ನಾನು ಕೊಳವೆಗಿಳಿಯದೆ ಬಾಗಿಲು ತೆಗೆದು, ಪಕ್ಕದ ಬಾಗಿಲು ತಟ್ಟಿದೆ. ಅವಳು ಆಗಲೇ ಇಳಿದುಹೋಗಿದ್ದಳು. ಗೋಡೆದನಿ ನನ್ನ ಲೆಕ್ಕಕ್ಕೆ ಒಂದು ತಪ್ಪು ಬರೆದುಕೊಂಡಿತು. ಕವಾಯತಿನ ಹೊತ್ತಿನಲ್ಲಿ ಕೊಳವೆ ಸರಿಯಿದ್ದೂ ಮೂರು ಸಲ ಬಾಗಿಲು ತೆರೆದವರಿಗೆ ಕೋಣೆ ಹೋಗುತ್ತದೆ; ಕೋಣೆ ಹೋದರೆ ಓದೂ ಹೋದಂತೆ. ಅದರ ಮುಂದಿನ ವಾರ ಓಡಿ ಹೋಗಿ ಎರಡೂ ಕೈಯಲ್ಲಿ ಬಡಿದೆ. ಬಾಗಿಲು ತೆರೆಯಿತು. ತಲೆಗೆ ಎಣ್ಣೆ ಹಚ್ಚಿಕೊಂಡ ಹುಡುಗಿಯೊಬ್ಬಳು ಗಾಬರಿಯಿಂದ, "ಯಾರವ್ವ ನೀನು? ಖರೇನ ಬೆಂಕಿ ಬಿದ್ದೈತೇನು?" ಎಂದಳು.

"ಇಲ್ಲವ್ವ, ನಿನ್ನ ಕರಿಯಾಕ ಬಂದೆ," ಎಂದೆ.

ಅವಳ ಹೆಸರು ಶಾಹೀನಾ. ಇಬ್ಬರೂ ಮೆಟ್ಟಿಲಿಳಿದೆವು. ಗೋಡೆದನಿ ಮಹಡಿಯಿಂದ ಮಹಡಿಗೆ ನಮ್ಮನ್ನು ಕೂಗಿ ಹುಡುಕುತ್ತಿತ್ತು. ಅವಳು ಎಣ್ಣೆಗೈಯಲ್ಲೇ ನನ್ನ ತೋಳು ಹಿಡಿದಿದ್ದಳು. ಕೆಳಗೆ ನಮ್ಮನ್ನು ಬೇರೆ ಬೇರೆ ಗೂಡಿಗೆ ಕಳಿಸಿದರು. ಆ ಅಂಗಿಯನ್ನು ನಾನಿನ್ನೂ ಒಗೆಯಲು ಹಾಕಿಲ್ಲ.

ನಾಳೆ ಮತ್ತೆ ಕವಾಯತು. ನನ್ನ ಲೆಕ್ಕದಲ್ಲಿ ಎರಡು ತಪ್ಪು ಆಗಿಹೋಗಿವೆ. ನಾನಾಗಿ ಹೋಗಿ ತಟ್ಟುವ ಧೈರ್ಯವಿಲ್ಲ, ಈ ಓದು ನನಗೆ ಬೇಕು. ಶಾಹೀನಾಳದು ಒಂದೇ ತಪ್ಪು. ಅವಳು ಬರುತ್ತಾಳೋ ಇಲ್ಲವೋ ತಿಳಿಯದು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮಲ್ಲಿ ಬೆಂಕಿಯ ಗಂಟೆ ಹೊಡೆದಾಗ, ಪರೀಕ್ಷೆಯ ಹಿಂದಿನ ದಿನವೇ ಆದರೂ, ಗೊಣಗಿಕೊಂಡಾದರೂ ಪಕ್ಕದ ಬಾಗಿಲು ತಟ್ಟಿ. ಆ ಸಾಲನ್ನು ಯಾರೂ ಸುಣ್ಣ ಬಳಿದು ಮುಚ್ಚದಂತೆ ನೋಡಿಕೊಳ್ಳಿ. ನಾಳೆ ಕೊಳವೆ ಬಾಯಿ ತೆರೆದಾಗ ನಾನು ತಕ್ಷಣ ಇಳಿಯುವುದಿಲ್ಲ, ಸ್ವಲ್ಪ ಹೊತ್ತು ಬಾಗಿಲಿಗೆ ಕಿವಿಯಿಟ್ಟು ನಿಂತಿರುತ್ತೇನೆ.

ಮೂರನೇ ತಪ್ಪಾದರೂ ಸರಿ, ತಟ್ಟಿದರೆ ತೆರೆಯುತ್ತೇನೆ.

ಇತಿ,
ಹುಲಿಗೆಮ್ಮ