ನೀವು ಮೊದಲು ನಡೀರಿ

ಫೆಬ್ರವರಿ 4, ಮಂಗಳವಾರ

ಒಂಬತ್ತೂವರೆಗೆ ಶಟರ್ ಎತ್ತಿದರು. ಎಸ್ಕಲೇಟರ್ ಬುಡದಲ್ಲಿ ನಿಂತೆ. ಕೆಲಸ ಅಷ್ಟೇ: ನಿಲ್ಲುವುದು, ಮಾತಾಡುವುದು. ಮೊದಲು ಸೀರೆ ಗಂಟನ್ನು ಟಿವಿಎಸ್ ಮೇಲೆ ಕಟ್ಟಿಕೊಂಡು ಹನೂರು, ಕೌದಳ್ಳಿ, ಬಂಡಳ್ಳಿ ಸುತ್ತಿ ಮಾತಾಡುತ್ತಿದ್ದೆ. ಪೆಟ್ರೋಲು ನನ್ನದೇ. ಈಗ ನಿಂತಲ್ಲೇ ಸಂಬಳ. ಕೊಳ್ಳೇಗಾಲದ ಈ ಮಳಿಗೆಗೆ ಎಸ್ಕಲೇಟರ್ ಬಂದು ಮೂರು ತಿಂಗಳಾಯಿತು. ಜನಕ್ಕೆ ಅದಿನ್ನೂ ಯಂತ್ರವಲ್ಲ. ಯಾರದೋ ಮನೆಯ ಹೊಸ್ತಿಲು.

ಚಪ್ಪಲಿ ಕೆಳಗೇ ಬಿಡುತ್ತಾರೆ. ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗುತ್ತಾರೆ — ಅಷ್ಟರಲ್ಲಿ ಮೆಟ್ಟಿಲು ಹೊರಟಿರುತ್ತದೆ. ಹೆಂಗಸರ ಕೈ ನಾನು ಹಿಡಿಯುವಂತಿಲ್ಲ. ಬಾಯಲ್ಲೇ ಹತ್ತಿಸಬೇಕು.

ಲೊಕ್ಕನಹಳ್ಳಿಯ ಒಬ್ಬ ಯಜಮಾನ ಇವತ್ತು ಕೇಳಿದ, "ಇಳ್ಯಕ್ಕೂ ಇದೇಯಾ ಸಾ?"

"ಇಳ್ಯಕ್ಕೆ ಆ ಕಡೆ ಮಾಮೂಲಿ ಮೆಟ್ಲು ಅದೆ ಯಜಮಾನ್ರೇ."

"ಅಂಗಾರೆ ಹತ್ತುಸ್ಕಳಕ್ ಮಾತ್ರ ಮರ್ವಾದೆ. ಕಾಸ್ ಕೊಟ್ಮೇಲೆ ನಡ್ಕಂಡ್ ಓಗು ಅಂತ!"

ಕಂಪನಿಯ ಲೆಕ್ಕ ಒಂದೇ ಮಾತಿನಲ್ಲಿ ಬಿಡಿಸಿದ.

ಫೆಬ್ರವರಿ 6, ಗುರುವಾರ

ಬೆಂಗಳೂರಿಂದ ಬಂದ ಮ್ಯಾನೇಜರ್ ಮಧು ಸಾರ್ ಬೋರ್ಡ್ ಹಾಕಿಸಿದರು. ಒಂದು ಪಕ್ಕ ನಿಲ್ಲಿ. ಆತುರದವರಿಗೆ ದಾರಿ ಬಿಡಿ. ಮೇಲೆ ತಲುಪಿದ ಕೂಡಲೇ ಮುಂದೆ ಸಾಗಿ.

"ಸಾರ್, ಮದುವೆ ಜವಳಿ ತೆಗೆಯೋಕೆ ಬಂದೋರಿಗೆ ಏನು ಆತುರ?"

"ಮೆಟ್ರೋದಲ್ಲಿ ನೋಡಿ ರಾಮಲಿಂಗಯ್ಯನವರೇ, ಯಾರಾದ್ರೂ ಅಡ್ಡ ನಿಲ್ತಾರಾ? ಬೇಸಿಕ್ ಮ್ಯಾನರ್ಸ್."

ಹುಡುಗ ಕೆಟ್ಟವನಲ್ಲ. ಅವನೂರಿನಲ್ಲಿ ಹಿಂದೆ ಬರುವ ಅಪರಿಚಿತನಿಗೆ ಅಡ್ಡಿಯಾಗದಿರುವುದೇ ಮರ್ಯಾದೆ. ನಮ್ಮಲ್ಲಿ ಜೊತೆಗೆ ಬಂದ ಹಿರಿಯರನ್ನು ಬಿಟ್ಟು ಮುಂದೆ ಹೋಗದಿರುವುದು ಮರ್ಯಾದೆ. ಅಪ್ಪಿತಪ್ಪಿ ಮುಂದಾದರೆ ನಿಲ್ಲಬೇಕು, ತಿರುಗಬೇಕು, ಬನ್ನಿ ಅನ್ನಬೇಕು. ಬೋರ್ಡಿನ ಮೂರನೇ ಸಾಲು ನಮ್ಮ ಜನರ ಕೈಲಾಗದು. ಅದನ್ನೇ ಹೇಳಿದೆ. ಮೇಲೂ ಒಬ್ಬರನ್ನು ನಿಲ್ಲಿಸಿ, ಹೆಣ್ಣುಮಗಳಾದರೆ ಒಳ್ಳೆಯದು, ಕೈ ಹಿಡಿದು ಈಚೆ ಕರೆದುಕೊಳ್ಳುತ್ತಾಳೆ ಅಂದೆ.

"ಬೋರ್ಡ್ ಇದೆಯಲ್ಲ."

ಇದೆ. ಬೋರ್ಡು ಊಟ ಕೇಳುವುದಿಲ್ಲ.

ಫೆಬ್ರವರಿ 12, ಬುಧವಾರ. ಸಂಜೆ

ಆದದ್ದನ್ನು ಆದ ಹಾಗೇ ಬರೆದಿಡಬೇಕು.

ಬಂಡಳ್ಳಿಯ ಶಂಕರಮ್ಮ, ಗಂಡಿನ ತಾಯಿ. ಯಳಂದೂರಿನ ಚನ್ನಮಲ್ಲಮ್ಮ, ಹೆಣ್ಣಿನ ತಾಯಿ. ಮುಂದಿನ ತಿಂಗಳು ಮದುವೆ. ಎರಡೂ ಕಡೆಯವರು ಒಟ್ಟಿಗೆ ಜವಳಿಗೆ ಬಂದಿದ್ದರು. ಶಂಕರಮ್ಮನ ಮನೆಗೆ ನಾನು ಹಳೇ ಕಾಲದಿಂದ ಸೀರೆ ಹಾಕಿದವನು. ಬುಡದಲ್ಲೇ ಬೀಗಿತ್ತಿಯರ ಜಗ್ಗಾಟ ಶುರುವಾಯಿತು.

"ನೀವ್ ಮೊದ್ಲು ಹತ್ರವ್ವಾ."

"ಅಯ್ ಬುಡ್ರಿ, ಗಂಡಿನ್ ಕಡೆಯೋರು ನೀವು. ನೀವ್ ನಡೀರಿ."

"ಜವಳಿ ತಗ್ಸೋರು ನಾವು. ನೆಂಟ್ರನ್ನ ಹಿಂದ್ಕೆ ನಿಲ್ಸದಾ?"

ಹಿಂದಿನ ಸಾಲಿನಿಂದ ಯಾರೋ, "ಇಬ್ರೂ ಇಲ್ಲೇ ನಿಂತ್ಕಂಡ್ರೆ ಲಗ್ನ ಮೀರೋಯ್ತದೆ ಕಣ್ರವ್ವಾ!" ಅಂದರು. ಎಲ್ಲರೂ ನಕ್ಕರು. ನಾನೂ.

ಕೊನೆಗೆ ಶಂಕರಮ್ಮ ಹೆದರುತ್ತ ಹತ್ತಿದರು. ಒಂದು ಮೆಟ್ಟಿಲು ಹಿಂದೆ ಚನ್ನಮಲ್ಲಮ್ಮ. ಅವರ ಹಿಂದೆ ಮಿಕ್ಕವರು.

ಮೇಲೆ ಮುಟ್ಟಿದ್ದೇ ಶಂಕರಮ್ಮನಿಗೆ ನಾಚಿಕೆಯಾಗಿರಬೇಕು — ಬೀಗಿತ್ತಿಗಿಂತ ಮುಂದಾಗಿಬಿಟ್ಟೆನಲ್ಲ ಎಂದು. ಅಲ್ಲೇ ನಿಂತರು. ತಿರುಗಿ ಕೈ ಚಾಚಿದರು. "ಈಗ್ಲಾದ್ರೂ ನೀವ್ ಮೊದ್ಲು ಒಳಿಕ್ ನಡೀರವ್ವಾ." ಹೊಲದಲ್ಲಿ ಕೂಗಿ ಪಳಗಿದ ಗಂಟಲು, ಬುಡದಲ್ಲಿದ್ದ ನನಗೂ ಕೇಳಿಸಿತು. ಚನ್ನಮಲ್ಲಮ್ಮನೂ ಬಿಟ್ಟುಕೊಡುವವರಲ್ಲ. ನೀವೇ ನಡೀರಿ ಎಂದು ಒಂದು ಹೆಜ್ಜೆ ಹಿಂದಕ್ಕಿಟ್ಟರು. ಮನೆ ಬಾಗಿಲಲ್ಲಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೊಸ್ತಿಲು ಕಾಯುತ್ತದೆ. ಇದು ಕಾಯಲಿಲ್ಲ.

ಎಸ್ಕಲೇಟರ್ ನಿಲ್ಲಿಸುವ ಕೆಂಪು ಬಟನ್ ಒತ್ತಿದೆ. ಒತ್ತುವಷ್ಟರಲ್ಲಿ...

ಚನ್ನಮಲ್ಲಮ್ಮನ ಸೊಂಟದ ಮೂಳೆ ಮುರಿದಿದೆ ಅಂದರು. ಆಂಬುಲೆನ್ಸಿನಲ್ಲಿ ಮೈಸೂರಿಗೆ ಕರೆದೊಯ್ದರು. ಶಂಕರಮ್ಮ ತಾವೂ ಹತ್ತಲು ಹೋದರು. ಹೆಣ್ಣಿನ ಕಡೆಯವರು ಬಾಗಿಲು ಹಾಕಿಕೊಂಡರು.

ಫೆಬ್ರವರಿ 13, ಗುರುವಾರ

ಮೆಟ್ಟಿಲು ನಿಲ್ಲಿಸಿದ್ದಾರೆ. ನಿಂತ ಎಸ್ಕಲೇಟರನ್ನು ಜನ ಸುಖವಾಗಿ ನಡೆದು ಹತ್ತುತ್ತಿದ್ದಾರೆ.

ಮನೆಯಲ್ಲಿ ಹೆಂಡತಿ ಭಾಗ್ಯ ಅಂದಳು, "ಮಾತಿಲ್ದೆ ನೀವು ಉಂಡಿದ್ದು ಇದೇ ಮೊದ್ಲು."

ಫೆಬ್ರವರಿ 17, ಸೋಮವಾರ

ವಿಡಿಯೋ ವಾಟ್ಸಪ್ಪಿನಲ್ಲಿ ಓಡಾಡುತ್ತಿದೆ. ನಮ್ಮ ಕ್ಯಾಮೆರಾದ್ದೇ. ಯಾರು ಹೊರಗೆ ಬಿಟ್ಟರೋ ಗೊತ್ತಿಲ್ಲ. ಅದರಲ್ಲಿ ಸದ್ದಿಲ್ಲ. ಒಬ್ಬಳು ಮೇಲೆ ನಿಂತು ತಿರುಗುತ್ತಾಳೆ. ಕೈ ಮುಂದೆ ಬರುತ್ತದೆ. ಇನ್ನೊಬ್ಬಳು ಹಿಂದಕ್ಕೆ ಬೀಳುತ್ತಾಳೆ. ಕೆಳಗೆ ಬರೆದಿದ್ದಾರೆ: ಬೀಗಿತ್ತಿಯನ್ನೇ ತಳ್ಳಿದಳು.

ನಾಲ್ಕು ಸಲ ನೋಡಿದೆ. ಮಾತು ಕೇಳದವನಾಗಿದ್ದರೆ ನಾನೂ ತಳ್ಳಿದಳು ಅಂತಲೇ ಆಣೆ ಇಡುತ್ತಿದ್ದೆ. ಸಾಲಿನಲ್ಲಿದ್ದ ಹೆಣ್ಣಿನ ಕಡೆಯವರು ಏನೂ ಕೇಳಿಸಲಿಲ್ಲ ಅನ್ನುತ್ತಾರಂತೆ. ಗಂಡಿನ ಕಡೆಯವರು ಕೇಳಿಸಿತು ಅಂದರೆ ಯಾರೂ ನಂಬುವುದಿಲ್ಲ. ಎರಡೂ ಕಡೆಗೆ ಸೇರದವನು ನಾನೊಬ್ಬ.

ಮಧು ಸಾರ್ ಎಲ್ಲರನ್ನೂ ಸೇರಿಸಿದರು. "ಯಾರೂ ಏನೂ ಮಾತಾಡೋ ಹಾಗಿಲ್ಲ. ಮೇಲೆ ಸ್ಟಾಫ್ ಯಾಕಿರಲಿಲ್ಲ ಅಂತ ಶುರುವಾಗುತ್ತೆ." ಆಮೇಲೆ ನನ್ನ ಕಡೆ ನೋಡಿ ಮೆಲ್ಲಗೆ, "ಜನಕ್ಕೆ ಮ್ಯಾನರ್ಸ್ ಇಲ್ಲ ರಾಮಲಿಂಗಯ್ಯನವರೇ. ನಾವೇನು ಮಾಡೋಕಾಗುತ್ತೆ?"

ಇದ್ದದ್ದು ಹೆಚ್ಚಾಯಿತು ಸಾರ್, ಅಂದೆ. ಅವರಿಗೆ ತಿಳಿಯಲಿಲ್ಲ.

ಫೆಬ್ರವರಿ 18, ಮಂಗಳವಾರ

ಮದುವೆ ಹೆಣ್ಣು ದಿವ್ಯ ಒಬ್ಬಳೇ ಬಂದಿದ್ದಳು. ಸೀರೆ ನೋಡಲಲ್ಲ. ನೇರ ನನ್ನ ಹತ್ತಿರ.

"ಅವತ್ತು ಇಲ್ಲಿ ನಿಂತಿದ್ದೋರು ನೀವೇ ಅಲ್ವಾ ಸಾ?"

"ಊ ಕಣವ್ವ."

"ಅವ್ರು ತಳ್ಳುದ್ರಾ? ನಮ್ ಚಿಕ್ಕಪ್ಪ ಮದ್ವೆನೇ ಬ್ಯಾಡ ಅಂತಾವ್ರೆ. ತಳ್ಳಿದ್ರೆ ನಾನೂ ಬ್ಯಾಡ ಅಂತೀನಿ. ತಳ್ದೇ ಇದ್ರೆ..." ಎಸ್ಕಲೇಟರಿನ ತುದಿ ಕಡೆ ನೋಡಿದಳು. "ಸುಮ್ಸುಮ್ನೆ ಒಬ್ರ ಮನೆ ಹೆಸ್ರು ಕೆಡ್ಸಿ ನಾನ್ ಎಲ್ಲೋಗ್ ಬಾಳ್ಲಿ?"

"ತಳ್ಳಿಲ್ಲ ಕಣವ್ವ. ಕರೆದ್ರು."

"ಮನೇಗ್ ಬಂದು ಹೇಳ್ತೀರಾ?"

ಗಾಜಿನ ಕೋಣೆಯಿಂದ ಮಧು ಸಾರ್ ನೋಡುತ್ತಿದ್ದರು. ಈ ವಯಸ್ಸಿಗೆ ಇನ್ನೊಂದು ಸಂಬಳದ ಕೆಲಸ ಸಿಗದು. ಮೊಣಕಾಲು ಟಿವಿಎಸ್ ಒದೆಯುವುದಿಲ್ಲ. ಮಾತಿಗೆ ಎಂದೂ ತಡವರಿಸದವನು ಇವತ್ತು ತಡವರಿಸಿದೆ.

ಬರ್ತೀನಿ ಅಂದೆ.

ಫೆಬ್ರವರಿ 20, ಗುರುವಾರ

ರಜೆ ಕೇಳಿದೆ. ಕೊಡಲಿಲ್ಲ. ತೆಗೆದುಕೊಂಡೆ.

ಯಳಂದೂರು. ಜಗಲಿಯಲ್ಲಿ ಹೆಣ್ಣಿನ ಚಿಕ್ಕಪ್ಪ ವೃಷಭೇಂದ್ರಪ್ಪ. "ಅಂಗ್ಡಿಯೋರ್ ಕಳ್ಸುದ್ರಾ?"

"ಇಲ್ಲ ಬುದ್ಧಿ. ಬರ್ಬ್ಯಾಡ ಅಂದವ್ರೆ."

ಅದಕ್ಕೇ ಒಳಗೆ ಬಿಟ್ಟರೋ ಏನೋ. ಚನ್ನಮಲ್ಲಮ್ಮ ಮಂಚದ ಮೇಲೆ. ಆಪರೇಷನ್ ಆಗಿ ನಿನ್ನೆ ತಾನೇ ಮನೆಗೆ ಬಂದಿದ್ದಾರೆ. ಮುಖ ಅರ್ಧವಾಗಿದೆ. ಬಿದ್ದದ್ದು ಬಿಟ್ಟರೆ ಏನೂ ನೆನಪಿಲ್ಲವಂತೆ. ಶಂಕರಮ್ಮನ ಮಾತನ್ನು ಅವರದೇ ಧಾಟಿಯಲ್ಲಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು.

"ನಾನೇ ಹಿಂದಕ್ ಕಾಲಿಟ್ನಾ?"

"ಊ ಕಣ್ರವ್ವ. ಮರ್ವಾದೆಗೆ."

ಕಣ್ಣು ತೆರೆದರು. ಆಮೇಲೆ, "ಅಂಗಾರೆ ಆಯಮ್ಮ ನೋಡಕ್ ಯಾಕ್ ಬರ್ನಿಲ್ಲ? ಮೈಸೂರ್‌ಗೂ ಬರ್ನಿಲ್ಲ, ಇಲ್ಗೂ ಬರ್ನಿಲ್ಲ. ಮಲ್ಗಿರೋರನ್ನ ನೋಡಕ್ಕೆ ಕರೀಬೇಕಾ? ತಪ್ಪಿಲ್ದೋರು ಬತ್ತಾರೆ."

"ಕೇಳುದ್ರಲ್ಲ," ಅಂದರು ವೃಷಭೇಂದ್ರಪ್ಪ.

ಆಂಬುಲೆನ್ಸಿನ ಬಾಗಿಲು ಹಾಕಿಕೊಂಡ ಮಾತನ್ನು ಅವರ ಮನೆಯಲ್ಲೇ ಎತ್ತಲಾರದೆ ಎದ್ದುಬಂದೆ.

ಫೆಬ್ರವರಿ 23, ಭಾನುವಾರ

ಬಂಡಳ್ಳಿ. ಬೆಟ್ಟಕ್ಕೆ ಹೋಗುವ ಶಿವರಾತ್ರಿ ಜನದಿಂದ ಬಸ್ಸು ತುಂಬಿತ್ತು. ನಿಂತೇ ಹೋದೆ.

ಶಂಕರಮ್ಮ ಅಡುಗೆಮನೆ ಬಿಟ್ಟು ಈಚೆ ಬರುವುದಿಲ್ಲವಂತೆ. ನನ್ನ ಕಂಡು ಗೋಡೆಗೆ ಒರಗಿ ಕೂತರು. "ಈ ಕೈನ ಊರೆಲ್ಲ ನೋಡ್ತಾವ್ರೆ ರಾಮಲಿಂಗಣ್ಣ. ಬಡ್ಸಕ್ಕೂ ಎತ್ತಕ್ಕಾಗಕಿಲ್ಲ."

"ಒಂದ್ಸಲ ಓಗಿ ನೋಡ್ಕಂಡ್ ಬರ್ಬಾರ್ದಾ ಅವ್ವ?"

"ಆಂಬುಲೆನ್ಸ್ ಬಾಗ್ಲ ಮಕುಕ್ಕೇ ಹಾಕುದ್ರಲ್ಲಪ್ಪ. ಕರೀದೆ ಎಂಗೋಗನ? ಮೇಲ್ಬಿದ್ದು ಓದ್ರೆ ತಪ್ ಮಾಡವ್ಳೆ, ಅದ್ಕೇ ಬಂದವ್ಳೆ ಅಂತಾರೆ. ಅವ್ರು ಒಂದ್ ಮಾತ್ ಕರುದ್ರೆ..."

ಒಬ್ಬರು, ತಪ್ಪಿಲ್ಲದಿದ್ದರೆ ಬರಲಿ ಅನ್ನುತ್ತಾರೆ. ಇನ್ನೊಬ್ಬರು, ಹೋದರೆ ತಪ್ಪು ಒಪ್ಪಿದಂತೆ ಅನ್ನುತ್ತಾರೆ. ಇಬ್ಬರೂ ಮತ್ತೆ ನಿಂತುಬಿಟ್ಟಿದ್ದಾರೆ. ಕಾಲ ಕೆಳಗೆ ದಿನ ಓಡುತ್ತಿದೆ. ಈ ಓಟಕ್ಕೆ ಕೆಂಪು ಬಟನ್ ಇಲ್ಲ.

"ನಾಳೆ ಸೋಮ್ವಾರ," ಅಂದೆ. "ಆಟೋ ತತ್ತೀನಿ. ಹೊರಟಿರಿ. ಕರ್ಕಂಡ್ ಬಂದೋನು ನಾನು, ಬಂದ ತಪ್ಪೂ ನಂದೇ ಆಗ್ಲಿ."



ಮಧು ಸಾರ್ ಮೆಸೇಜ್: ನಾಳೆ ಡ್ಯೂಟಿಗೆ ಬರದಿದ್ದರೆ ಬೇರೆಯವರನ್ನು ನಿಲ್ಲಿಸುತ್ತೇವೆ. ಬುಡದಲ್ಲೋ ಮೇಲೋ, ಕೇಳಬೇಕೆನಿಸಿತು. ಕೇಳಲಿಲ್ಲ.

ಫೆಬ್ರವರಿ 24, ಸೋಮವಾರ. ಯಳಂದೂರು, ಜಗಲಿ

ಡೈರಿ ಜೇಬಿನಲ್ಲೇ ಇತ್ತು. ಕೂತಲ್ಲೇ ಬರೆಯುತ್ತಿದ್ದೇನೆ.

ಶಂಕರಮ್ಮನನ್ನು ಕರೆತಂದೆ. ಆಟೋ ಇಳಿದವರು ಬಾಗಿಲ ಹೊರಗೇ ನಿಂತರು. ವೃಷಭೇಂದ್ರಪ್ಪ ಜಗಲಿಯ ಅಡ್ಡಕ್ಕೆ ಕಾಲು ಚಾಚಿ ಕೂತಿದ್ದರು. ಬನ್ನಿ ಅನ್ನಲಿಲ್ಲ. ಕಾಲೂ ತೆಗೆಯಲಿಲ್ಲ. ದಿವ್ಯ ಒಳಬಾಗಿಲಲ್ಲಿ ಕಂಬದಂತೆ ನಿಂತಳು. ನಾನು ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಒಣಗಿತು.

ಒಳಗಿಂದ ಚನ್ನಮಲ್ಲಮ್ಮ. "ಯಾರವ್ವಾ ಅದು, ಬಾಗ್ಲಲ್ಲಿ?"

ಶಂಕರಮ್ಮ ಸೆರಗು ಸರಿಮಾಡಿಕೊಂಡರು.

"ಶಂಕ್ರಮ್ಮೋರಾ?"

"ಊ ಕಣ್ರವ್ವ." ಹೊಲದ ಗಂಟಲು ಎಲ್ಲಿ ಹೋಯಿತೋ. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಒಳಗೆ ಕೇಳಿಸಿತು.

ಮಂಚ ಕಿರುಗುಟ್ಟಿತು. ಏಳಲು ನೋಡಿರಬೇಕು. ನೋವಿನ ಉಸಿರು. ಆಮೇಲೆ ಮಾತು.

"ಎದ್ ಬಂದು ಕರ್ಕಳಕ್ ನಂಗಾಗಕಿಲ್ಲ ಕಣ್ರವ್ವ. ನೀವೇ ಬನ್ನಿ."

ವೃಷಭೇಂದ್ರಪ್ಪ ಕಾಲು ಮಡಚಿಕೊಂಡರು. ಶಂಕರಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದರು.

ಮೊದಲು ಅಳು. ಯಾರದು ಅಂತ ಬೇರ್ಪಡಿಸಲಾಗಲಿಲ್ಲ. ದಿವ್ಯ ಎರಡು ಲೋಟ ಕಾಫಿ ಒಳಗೆ ಕೊಂಡೊಯ್ದಳು. ಆಮೇಲೆ ಜಗಲಿಗೂ ಎರಡು ತಂದಳು, ಒಂದು ಚಿಕ್ಕಪ್ಪನಿಗೆ, ಒಂದು ನನಗೆ. ಮಧು ಸಾರ್ ಫೋನ್ ಹೊಡೆದುಕೊಂಡು ತಾನೇ ಸುಮ್ಮನಾಯಿತು. ಈಗ ಬುಡದಲ್ಲಿ ಬೇರೆ ಯಾರೋ ನಿಂತಿರಬೇಕು. ಪಾಪ, ಅವನಿಗೆ ಮಾತು ಬರುತ್ತದೋ ಇಲ್ಲವೋ.

ಒಳಗಿಂದ ಚನ್ನಮಲ್ಲಮ್ಮನ ದನಿ. "ರಾಮಲಿಂಗಯ್ನೋರ್ ಓಗ್ಬುಟ್ರಾ? ಕರೀರಿ ಒಳಿಕ್ಕೆ. ದಾರೆ ಸೀರೆಗೆ ಯಾವ್ ಬಣ್ಣ..."

ಎದ್ದೆ.