ಹುಲಗಪ್ಪನ ಧೋತರ

ಶಹಾಡ್,
೧೨ ಜನವರಿ ೧೯೮೪

ನೀರು ಪರೀಕ್ಷೆಯ ಘನ ಅಧಿಕಾರಿಗಳಾದ ಅಪ್ಪಾಸಾಹೇಬರ ಸನ್ನಿಧಾನಕ್ಕೆ,

ತಾವು ಬಿಜಾಪುರದ ಕಡೆಯವರೆಂದು ತಿಳಿದು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಮ್ಮ ಚಾಳಿನ ಹಿಂದಿನ ನಾಲೆ ಶುದ್ಧವಾಗಿದೆಯೆಂದು ತಾವು ಹೋದ ವಾರ ಬರೆದುಕೊಂಡು ಹೋದಿರಿ. ನಾಲೆಯ ಪಕ್ಕದ ಬಾವಿಯ ನೀರಲ್ಲಿ ಮೀಯುವ ಗುರಮ್ಮನ ಕೂಸಿಗೆ ಮಾತ್ರ ಇದು ಇನ್ನೂ ತಿಳಿದಿಲ್ಲ. ಅದರ ಮೈತುಂಬ ಗುಳ್ಳೆ.

ಈ ಕೂಸಿನ ಸಲುವಾಗಿಯೇ ಚಾಳಿನವರು ತಿಂಗಳ ಹಿಂದೆ ಸಂಬಳವಿಲ್ಲದ ಇಲಾಖೆಯೊಂದನ್ನು ತೆರೆದಿದ್ದೇವೆ. ದಿನವೂ ನಸುಕಿನಲ್ಲಿ ಗುರಮ್ಮನ ಗಂಡ ಹುಲಗಪ್ಪನ ಬಿಳಿ ಧೋತರದಿಂದ ಗೇಣುದ್ದ ಹರಿದು, ನಾಲೆಯಲ್ಲಿ ಅದ್ದಿ, ತಾರೀಖು ಬರೆದು ಒಣಹಾಕುತ್ತೇವೆ. ಒಂದು ದಿನ ಗುಲಾಬಿ, ಮರುದಿನ ನವಿಲಿನ ಕೊರಳು, ಆಮೇಲೆ ಅರಿಸಿನ. ಮಂಜಿನಲ್ಲಿ ಅವು ತೂಗುವಾಗ ನಿದ್ದೆಗಣ್ಣಿಗೆ ಇಡೀ ಚಾಳೇ ಹಾಯಿ ಬಿಚ್ಚಿ ತೇಲಿ ಹೊರಟಂತೆ ಕಾಣುತ್ತದೆ.

ಆ ಬಟ್ಟೆಪಟ್ಟಿಗಳನ್ನು ಲಗತ್ತಿಸಿದ್ದೇನೆ. ಒಂದೇ ಒಂದು ಅಚ್ಚಬಿಳಿ. ಅದು ತಾವು ಬಂದ ದಿನದ್ದು. ತಾವು ಬರುವುದು ನಾಲೆಗೆ ಬಾಯಿ ತೆರೆದಿರುವ ಬಣ್ಣದ ಕಾರ್ಖಾನೆಯ ಕೊಳವೆಗೂ ತಿಳಿದಿತ್ತು.

ಇನ್ನೊಮ್ಮೆ ಯಾರಿಗೂ ಹೇಳದೆ ದಯಮಾಡಿಸಬೇಕು. ಪಕ್ಕದಲ್ಲೇ ಕುಳಿತ ಗುರಮ್ಮ ಹೇಳುತ್ತಾಳೆ: “ಲಗೂನ ಬರ್ರಿ ಅಂತ ಬರಿ ಪಾರವ್ವ. ಗಂಡನ ಧೋತರ ಮುಗೀತು. ನಾಳಿಂದ ಕೂಸಿನ ತೊಟ್ಟಿಲದ ಅರಿವಿ ಹರೀಬೇಕು.”

ಸಂಬಳವಿಲ್ಲದ ತಮ್ಮ ಸಹೋದ್ಯೋಗಿ,
ಪಾರವ್ವ
ಖೋಲಿ ನಂಬರ ನಾಲ್ಕು