ಪಕ್ಕದ ಸೀಟು

ಜೂನ್ 24, 2017. ಶನಿವಾರ. ಮಿಸ್ಸಿಸಾಗ

ಇವತ್ತೂ ಕಾಫಿ ತಪ್ಪಿತು. ಅಕ್ಕನ ಮಗಳು ಸಾಹಿತ್ಯ ತನ್ನ ಗೆಳತಿಯ ಮನೆಗೆ ಕರೆದುಕೊಂಡು ಹೋಗಿದ್ದಳು. ಕಾಫಿ ಕೊಡಲಾ ಅಂಕಲ್ ಎಂದರು. ಬೇಡಮ್ಮ, ನಿಮಗ್ಯಾಕೆ ತೊಂದರೆ ಎಂದೆ. ಸರಿ ಎಂದು ಕೂತೇಬಿಟ್ಟರು! ಇನ್ನೊಂದು ಸಲ ಕೇಳುತ್ತಾರೆ ಅಂತ ಕಾದೆ. ಕೇಳಲಿಲ್ಲ. ತಲೆನೋವು ಹಿಡಿದುಕೊಂಡು ವಾಪಸ್ ಬಂದೆ.

ಜಯಕ್ಕ ಬಿದ್ದು ಬಿದ್ದು ನಕ್ಕಳು. "ಮೋಹನ, ಇದೇನು ಮೈಸೂರೇನೋ? ಇಲ್ಲಿ ಬೇಡ ಅಂದ್ರೆ ಬೇಡ ಅಷ್ಟೇ. ಮೊದಲನೇ ಸಲಕ್ಕೇ ಹೂಂ ಅಂದ್ಬಿಡು."

ಮೂವತ್ತು ವರ್ಷ ಇಲ್ಲಿದ್ದವಳು. ಗೊತ್ತಿರುತ್ತದೆ. ಆಮೇಲೆ ಅವಳೇ ಲೋಟ ತುಂಬ ಫಿಲ್ಟರ್ ಕಾಫಿ ಕೊಟ್ಟಳು, ಕೇಳದೆ.

ಜೂನ್ 28. ಬುಧವಾರ

ಸಾಹಿತ್ಯ ಆಫೀಸಿನಿಂದಲೇ ಫೋನ್ ಮಾಡಿ ಹೇಳಿದಳು — ಗಡಿ ದಾಟಿ ಅಮೆರಿಕಕ್ಕೆ ಟೂರ್ ಬುಕ್ ಆಯಿತಂತೆ. ಬಸ್ಸಿನಲ್ಲಿ. ನ್ಯೂಯಾರ್ಕ್, ಫಿಲಡೆಲ್ಫಿಯಾ, ವಾಷಿಂಗ್ಟನ್. ಯುಎಸ್ ವೀಸಾ ಊರಿನಲ್ಲೇ ಮಾಡಿಸಿಕೊಂಡು ಬಂದದ್ದು ಒಳ್ಳೆಯದಾಯಿತು. ಕೆಎಸ್‌ಆರ್‌ಟಿಸಿಯಲ್ಲಿ ಕಂಟ್ರೋಲರ್ ಆಗಿದ್ದವನಿಗೆ ವಿಮಾನಕ್ಕಿಂತ ಬಸ್ಸೇ ವಾಸಿ.

ಅಕ್ಕ ಒಲೆ ಮುಂದೆ ಇದ್ದಳು. ನೀನೂ ಬಾ ಎಂದೆ.

"ಅಯ್ಯೋ, ನನಗ್ಯಾತಕ್ಕೋ ಅಮೆರಿಕ. ಮಂಡಿ ಬೇರೆ ನೋಯತ್ತೆ. ನೀನು ಹೋಗ್ಬಾ."

ಸರಿ ಎಂದೆ. ಪಾಠ ಕಲಿತಿದ್ದೇನಲ್ಲ. ಬೇಡ ಅಂದರೆ ಬೇಡ.

ಜುಲೈ 3. ಸೋಮವಾರ. ನ್ಯೂಯಾರ್ಕಿನ ಹೊರಗೆ ಯಾವುದೋ ಹೋಟೆಲು

ಬೆಳಿಗ್ಗೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಹೋಗುವ ಸೀರೆ, ಕಾಲಿಗೆ ಹೊಸ ಬಿಳಿ ಶೂ. ಎಲ್ಲಿಗೆ ಹೊರಟೆ ಎಂದರೆ, ಸುಮ್ಮನೆ, ವಾಕಿಂಗು ಎಂದಳು. ಪುಳಿಯೋಗರೆ, ಚಕ್ಕುಲಿ ಕಟ್ಟಿಕೊಟ್ಟಳು. ಒಬ್ಬನಿಗೆ ಇಷ್ಟು ಯಾಕೆ? ಬರಲಾ ಎಂದೆ. ಹೂಂ, ಹೋಗ್ಬಾ ಎಂದಳು.

ಸ್ಕಾರ್‌ಬರೋದಲ್ಲಿ ಅಂಗಡಿಗಳ ಮುಂದಿನ ಪಾರ್ಕಿಂಗ್‌ನಲ್ಲಿ ಬಸ್ಸು. ಗೈಡು ಚೀನಾದ ಹುಡುಗಿ. ನನ್ನ ಹೆಸರು ಹುಡುಕಿ, "ಒನ್ ಆರ್ ಟೂ?" ಎಂದಳು. ಒನ್ ಎಂದೆ. ಏನೋ ಗೀಚಿಕೊಂಡಳು.

ಗಾಡಿ ಪರವಾಗಿಲ್ಲ. ಡ್ರೈವರ್ ಬ್ರೇಕ್ ಹಿಡಿಯುವುದು ಬೆಣ್ಣೆ ಹಚ್ಚಿದ ಹಾಗೆ. ಬಸ್ಸೆಲ್ಲ ಫುಲ್, ನನ್ನ ಪಕ್ಕದ ಸೀಟು ಮಾತ್ರ ಖಾಲಿ. ಖಾಲಿ ಸೀಟು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ, ಕೆಲಸದ ಚಾಳಿ. ಆದರೆ ಇವತ್ತು ಆರಾಮ. ಬ್ಯಾಗ್ ಇಟ್ಟೆ, ಶಾಲು ಇಟ್ಟೆ, ಕೊನೆಗೆ ಕಾಲೂ ಇಟ್ಟೆ.

ಸಂಜೆ ಟೈಮ್ಸ್ ಸ್ಕ್ವೇರ್. ಕತ್ತು ನೋವು ಬಂತು. ನಮ್ಮ ದಸರಾ ದೀಪ ಹತ್ತು ದಿನಕ್ಕೇ ಸಾಕು ಅನ್ನಿಸುತ್ತೆ. ಇಲ್ಲಿ ದಿನಾ ಹಚ್ಚುತ್ತಾರೆ. ಯಾವ ಹಬ್ಬ ಅಂತ ಕೇಳೋಣವೆಂದರೆ ಯಾರೂ ನಿಲ್ಲುವುದಿಲ್ಲ.

ಜುಲೈ 4. ಫಿಲಡೆಲ್ಫಿಯಾ

ಇವರ ಸ್ವಾತಂತ್ರ್ಯದ ಕಾಲದ, ಬಿರುಕು ಬಿಟ್ಟ ಗಂಟೆ ನೋಡಲು ಅಷ್ಟುದ್ದ ಕ್ಯೂ. ಬಾರಿಸುವುದಿಲ್ಲವಂತೆ, ನೋಡುವುದಷ್ಟೇ. ನಮ್ಮ ಕಡೆ ಆಗಿದ್ದರೆ ಕರಗಿಸಿ ಹೊಸದು ಹೊಯ್ದಿರುತ್ತಿದ್ದರು. ಇದನ್ನು ಹೇಳಿ ನಗೋಣ ಎಂದು ಪಕ್ಕಕ್ಕೆ ತಿರುಗಿದೆ. ಯಾರೋ ಬಿಳಿಯ ಮುದುಕಪ್ಪ. "ಬ್ಯೂಟಿಫುಲ್" ಎಂದ. ನಾನೂ ಎಸ್ ಎಸ್ ಎಂದೆ.

ಪುಳಿಯೋಗರೆ ಇನ್ನೂ ಇದೆ. ಅರ್ಧ ಚೆಲ್ಲಬೇಕಾಗುತ್ತೋ ಏನೋ.

ಜುಲೈ 5. ವಾಷಿಂಗ್ಟನ್

ವೈಟ್ ಹೌಸ್ ದೂರದಿಂದ, ಕಬ್ಬಿಣದ ಬೇಲಿ ಆಚೆ. ನಮ್ಮ ಅರಮನೆ ಮುಂದೆ ಏನೂ ಅಲ್ಲ.

ಅಕ್ಕ ಫೋನ್ ಮಾಡಿದಳು. "ಟೀವೀಲಿ ಕಾಣೋ ಥರಾನೇ ಇದೆಯಾ? ಮುಂದ್ಗಡೆ ಕಾರಂಜಿ ಇದೆಯಲ್ಲ, ನೀರು ಬರ್ತಿತ್ತಾ? ಜನ ಎಷ್ಟಿದ್ರು? ನಡೆಯೋದು ಜಾಸ್ತಿನಾ?" ಪ್ರಶ್ನೆ ಮೇಲೆ ಪ್ರಶ್ನೆ. ಕಾಲು ಬಿದ್ದುಹೋಗಿತ್ತು. ಬಂದು ಹೇಳ್ತೀನಿ ಕಣೇ ಎಂದು ಇಟ್ಟುಬಿಟ್ಟೆ.

ಜುಲೈ 6. ಮನೆ

ಸಾಹಿತ್ಯ ಸ್ಕಾರ್‌ಬರೋಗೆ ಕಾರು ತಂದಿದ್ದಳು. ಟೂರ್ ಹೇಗಿತ್ತು ಅಂತಲೂ ಕೇಳಲಿಲ್ಲ. ನಾನೇ ಪಕ್ಕದ ಸೀಟು ಖಾಲಿ ಸಿಕ್ಕಿದ್ದು, ಕಾಲು ಚಾಚಿದ್ದು ಹೇಳಿ ಜಂಬ ಕೊಚ್ಚಿದೆ.

"ಮಾಮ, that was Amma's seat."

ಏನು ಎಂದೆ.

"ನಾನು ಇಬ್ರಿಗೂ ಬುಕ್ ಮಾಡಿದ್ದೆ. ಅಮ್ಮ, don't tell him ಅಂದ್ಲು. ಅವನು ಇನ್ನೊಂದ್ಸಲ ಕರೀತಾನೆ, ಆಗ ಬರ್ತೀನಿ ಅಂತೀನಿ ಅಂತ. ಬ್ಯಾಗ್ ಪ್ಯಾಕ್ ಮಾಡಿ ಇಟ್ಟಿದ್ಲು. Why didn't you ask her again?"

ಬೇಡ ಅಂದಳಲ್ಲಮ್ಮ ಎಂದೆ. ಹೈವೇಯಲ್ಲಿ ಗಾಡಿಗಳು ಹೋಗುತ್ತಾ ಇದ್ದವು. ನನಗೆ ಅಳು ಬಂತು, ಕನ್ನಡಕ ಒರೆಸಿಕೊಂಡೆ.

ಅಕ್ಕನ ಸೀಟಿನ ಮೇಲೆ ಕಾಲಿಟ್ಟುಕೊಂಡು ಹೋಗಿ ಬಂದೆ, ಪುಣ್ಯಾತ್ಮ.

ಜುಲೈ 8

ಎರಡು ದಿನ ಬಾಯಿ ಬರಲಿಲ್ಲ. ಇವತ್ತು ಅವಳು ಬೀನ್ಸ್ ಬಿಡಿಸುತ್ತಿದ್ದಾಗ ಹೋಗಿ ಕೂತೆ. ಬರ್ತೀನಿ ಅಂತ ಒಂದು ಮಾತು ಹೇಳಬಾರದಿತ್ತೇನೇ ಎಂದೆ.

"ಬಿಡೋ. ಆಗಿದ್ದಾಯ್ತು."

"ನೀನೇ ಹೇಳಿದ್ದು, ಇಲ್ಲಿ ಬೇಡ ಅಂದ್ರೆ ಬೇಡ ಅಂತ."

"ಅದು ಇಲ್ಲಿಯವರಿಗೆ ಕಣೋ. ನೀನು ನಮ್ಮನೆಯವನಲ್ವಾ?" ಸ್ವಲ್ಪ ಹೊತ್ತು ಬೀನ್ಸಿನ ನಾರು ತೆಗೆದಳು. "ನಿಮ್ಮ ಭಾವ ಪಾಪ ಒಳ್ಳೆಯವರು. ಒಂದ್ಸಲ ಕೇಳೋರು. ಬೇಡ ಅಂದ್ರೆ ಸರಿ ಅಂತ ಒಬ್ರೇ ಹೋಗ್ಬಿಡೋರು. ಇರೋವರೆಗೂ ಹಂಗೇನೇ. ನೀನು ಎರಡನೇ ಸಲ ಕರೀತೀಯ ಅಂದ್ಕೊಂಡೆ, ಅಷ್ಟೆ."

ಸೆಪ್ಟೆಂಬರಲ್ಲಿ ಹೋಗೋಣ, ಇಬ್ಬರೂ ಎಂದೆ. ನಿನ್ನ ಟಿಕೆಟ್ಟು ಈ ತಿಂಗಳೇ ಅಲ್ವೇನೋ ಎಂದಳು. ಹೌದು.

ಜುಲೈ 16. ಭಾನುವಾರ

ಹತ್ತಿರದ ಸರೋವರದ ದಡಕ್ಕೆ, ಪೋರ್ಟ್ ಕ್ರೆಡಿಟ್‌ಗೆ ಕರೆದೆ. ಬೇಡ ಎಂದಳು. ಮತ್ತೆ ಕರೆದೆ. ಮತ್ತೂ ಕರೆದೆ, ಸಾಹಿತ್ಯಳಿಗೆ ನಗು ಬರುವಷ್ಟು. ಬಂದಳು.

ಸರೋವರದ ಪಕ್ಕ ನಡೆದೆವು. ದೋಣಿಗಳು, ಐಸ್‌ಕ್ರೀಮು, ಬಾತುಕೋಳಿ. ನ್ಯೂಯಾರ್ಕಿನದು ಹೇಳು ಎಂದಳು. ದೀಪದ ವಿಷಯ, ಗಂಟೆಯ ವಿಷಯ ಹೇಳಿದೆ. ಬೆಂಚು ಹಿಡಿದುಕೊಂಡು ನಕ್ಕಳು. ಅಲ್ಲಿ ಪಕ್ಕದಲ್ಲಿದ್ದಿದ್ದರೆ ಎಷ್ಟು ನಗುತ್ತಿದ್ದಳೋ. ಕಾಲಲ್ಲಿ ಹಳೇ ಚಪ್ಪಲಿ ಇತ್ತು.

"ಆ ಶೂ ಎಲ್ಲೇ?"

"ವಾಪಸ್ ಕೊಟ್ಟೆ ಕಣೋ. ಇಲ್ಲಿ ಬಿಲ್ ಇದ್ರೆ ತಗೋತಾರೆ."

ಜುಲೈ 22. ಶನಿವಾರ. ಮಧ್ಯಾಹ್ನ

ಸಂಜೆ ಫ್ಲೈಟು. ಊಟ ಆಯಿತು. ಹೆಸರುಬೇಳೆ ಪಾಯಸ ಮಾಡಿದ್ದಳು.

ಬಡಿಸುತ್ತಾ, ನನ್ನ ಮುಖ ನೋಡದೆ ಹೇಳಿದಳು. "ವೀಸಾ ಇನ್ನೂ ಇದೆಯಲ್ಲೋ. ಟಿಕೆಟ್ಟು ಮುಂದಕ್ಕೆ ಹಾಕ್ಸೋಣ. ಇನ್ನೊಂದು ತಿಂಗಳು ಇದ್ದು ಹೋಗು."

ಬಾಯಿಗೆ ಏನು ಬಡಿದಿತ್ತೋ. "ಅಯ್ಯೋ ಬೇಡಕ್ಕ, ನಿನಗ್ಯಾಕೆ ತೊಂದರೆ" ಎಂದುಬಿಟ್ಟೆ. ಎಲ್ಲರಿಗೂ ಹೇಳಿ ಹೇಳಿ ರೂಢಿಯಾದ ಮಾತು, ಇರಬೇಕು ಅಂತ ಮನಸ್ಸು ತುಂಬ ಇದ್ದರೂ ಅದೇ ಬಂತು.

ಸರಿ ಕಣೋ ಎಂದಳು. ಇನ್ನೊಂದು ಸೌಟು ಪಾಯಸ ಹಾಕಿ ಒಳಗೆ ಹೋದಳು.

ಇನ್ನೊಂದು ಸಲ ಕೇಳುತ್ತಾಳೇನೋ ಎಂದು ಮಹಡಿ ಮೇಲೆ ಸೂಟ್‌ಕೇಸ್ ತೆರೆದಿಟ್ಟುಕೊಂಡು ಕೂತಿದ್ದೇನೆ. ಕೆಳಗೆ ಉಪ್ಪಿನಕಾಯಿ ಬಾಟಲಿಗೆ ಟೇಪ್ ಸುತ್ತುವ ಸದ್ದು...

ಈಗ ಬಂದಿದ್ದಳು. ಬಾಗಿಲಲ್ಲೇ ನಿಂತು ಸೂಟ್‌ಕೇಸ್ ನೋಡಿದಳು. "ಜಿಪ್ ಹಾಕೋಕಾಗ್ತಿಲ್ವಾ? ಸಾಹಿತ್ಯನ್ನ ಕಳಿಸ್ಲಾ?"

ಹೂಂ ಎಂದೆ. ಮೊದಲನೇ ಸಲಕ್ಕೇ.

ಮೆಟ್ಟಿಲಿಳಿದು ಹೋಗಿ, ಅಕ್ಕ ನಾನು ಇರ್ತೀನಿ ಕಣೇ, ಅಂತ ನಾನೇ ಹೇಳಿಬಿಟ್ಟರೆ ಏನಾಗುತ್ತೆ? ಈಗಲೇ ಎದ್ದು... ಸಾಹಿತ್ಯ ಬಂದಳು. ಜಿಪ್ಪು ಎಳೆಯುತ್ತಿದ್ದಾಳೆ —